ಸೂತಕ ಯಾರ ಮನೆಗೆ?

ಒಂದಾನೊಂದು ಊರಿತ್ತಂತೆ. ಊರಿಗೊಬ್ಬ ಅರಸ, ಅರಸನಿಗೊಂದು ಕತ್ತಿ, ಆ ಕತ್ತಿ ಹಿಡಿಯೋಕೆ ಕರಿಸಿದ್ದ ಅಂತ ಒಬ್ಬ ಆಳು. ತಪ್ಪು ಮಾಡಿದವರ ತಲೆ ತೆಗೆಯೋದು ಅವನ ಮನೆತನದ ಚಾಕರಿ. ಆದರೆ ಹಳೇ ಅರಸ ತಣ್ಣನೆಯ ಮನುಷ್ಯ. ಅವನ ಕಾಲದಲ್ಲಿ ಒಂದು ತಲೆಯೂ ಉರುಳಲಿಲ್ಲ. ಸುಮ್ಮನೆ ಬಿದ್ದಿದ್ದ ಕತ್ತಿಯನ್ನ ಕರಿಸಿದ್ದನ ಹೆಂಡತಿ ನಿಂಗಾಜಿ ಹಲಸಿನಹಣ್ಣು ಕೊಯ್ಯೋಕೆ ಇಟ್ಟುಕೊಂಡಿದ್ದಳಂತೆ. ಮೇಣ ಅಂಟದಿರಲಿ ಅಂತ ಅದಕ್ಕೆ ಎಣ್ಣೆ ಸವರೋಳು. ನೋಡಿದವರು, "ಸಿದ್ದಣ್ಣ ಅರಮನೆ ಕತ್ತೀನ ಎಷ್ಟು ಜೋಪಾನ ಮಾಡ್ತಾನಪ್ಪ" ಅನ್ನೋರಂತೆ.

ಹಳೇ ಅರಸ ತೀರಿಕೊಂಡ, ಮಗ ಪಟ್ಟಕ್ಕೆ ಬಂದ. ಕೆಟ್ಟವನಲ್ಲ, ಆದರೆ ಮೂಗಿನ ತುದಿಯಲ್ಲೇ ಕೋಪ. ಕಿವಿಯೂ ಸ್ವಲ್ಪ ದೊಡ್ಡವು ಅನ್ನಿ. ಊರ ಕುಂಬಾರ ಮುದ್ದಯ್ಯ ಮಕ್ಕಳಿಗೆ ಅಂತ ಮಣ್ಣಿನ ರಾಜನ ಗೊಂಬೆ ಮಾಡಿದ, ಕಂಡ ಹಾಗೇ ಕಿವಿ ಇಟ್ಟ. ಮಕ್ಕಳು ಆ ಕಿವಿ ಹಿಡಿದೇ ಗೊಂಬೆ ಎತ್ತಿಕೊಂಡು ಓಡಾಡೋರು. ಕುದುರೆ ಮೇಲೆ ಹೋಗ್ತಿದ್ದ ಅರಸ ಅದನ್ನ ನೋಡಿಬಿಟ್ಟ, ಕೆಂಡಾಮಂಡಲವಾದ. "ನಾಳೆ ಬೆಳಗ್ಗೆ ಆ ಕುಂಬಾರನ ತಲೆ ತೆಗೀರಿ!" ಅಂದನಂತೆ.

ಅಪ್ಪಣೆ ಕೇಳಿ ಮನೆಗೆ ಬಂದ ಕರಿಸಿದ್ದನಿಗೆ ತುತ್ತು ಇಳೀಲಿಲ್ಲ. ಎದುರಿಗಿದ್ದ ನೀರಿನ ಮಡಕೆಯೂ ಮುದ್ದಯ್ಯ ಮಾಡಿದ್ದೇ.

"ನಾನೇನ್ ಕೊಲ್ತೀನಾ ನಿಂಗಾಜಿ? ಅರಸರು ಹೇಳ್ತಾರೆ, ಕತ್ತಿ ಕಡೀತದೆ. ನಡುವೆ ನಾನ್ಯಾರು?" ಅಂದ.

"ಹಂಗಾದ್ರೆ ಉಣ್ಣದೆ ಯಾಕೆ ಕುಂತೀಯ?" ಅಂದಳು ನಿಂಗಾಜಿ.

ಕರಿಸಿದ್ದ ಗಳಗಳ ಅತ್ತುಬಿಟ್ಟ. "ನನ್ ಕೈಲಾಗಲ್ಲ ಕಣೆ. ಒಲ್ಲೆ ಅಂದ್ರೆ ನನ್ ತಲೆ ಹೋಯ್ತದೆ."

ಅವಳು ಅವನ ಬೆನ್ನು ಸವರಿ, "ಒಲ್ಲೆ ಅನ್ಬ್ಯಾಡ. ಸೂತಕ ಯಾರ ಮನೆಗೆ ಅಂತ ಮಾತ್ರ ಕೇಳು" ಅಂದಳಂತೆ.

ಆ ಊರಲ್ಲೊಂದು ಪದ್ಧತಿ. ಹಿಂದೆಮುಂದೆ ಯಾರೂ ಇಲ್ಲದವನು ಸತ್ತರೆ, ಆ ಸಾವಿಗೆ ಕಾರಣನಾದವನೇ ಅವನಿಗೆ ಮಗನಾಗಬೇಕು. ಎತ್ತು ಹಾಯ್ದರೆ ಎತ್ತಿನವನು, ಬಾವಿಗೆ ಬಿದ್ದರೆ ಬಾವಿಯವನು ತಲೆ ಬೋಳಿಸಿಕೊಂಡು, ಮಡಕೆ ಹೊತ್ತು, ಊರೆದುರಿಗೆ ಅತ್ತು ಸೂತಕ ಹಿಡೀಬೇಕು. ಇಲ್ಲದಿದ್ದರೆ ಸತ್ತವನು ಅವನ ಮನೆ ತೊಲೆ ಮೇಲೆ ಕೂತು ಹಾಡು ಹೇಳ್ತಾನಂತೆ. ಮುದ್ದಯ್ಯನಿಗೆ ಹೆಂಡತಿ ಮಕ್ಕಳಿಲ್ಲ, ನೆಂಟರಿಷ್ಟರಿಲ್ಲ. ಅವನ ಹಾಡು ಕೇಳಿದರೆ ಕತ್ತೆಗಳೂ ಹಗ್ಗ ಕಿತ್ತುಕೊಂಡು ಓಡೋವು.

ಬೆಳಗಾಯಿತು. ಮುದ್ದಯ್ಯನ ಕೈ ಕಟ್ಟಿ ತಂದು ನಿಲ್ಲಿಸಿದರು. ಕರಿಸಿದ್ದ ಕೈಮುಗಿದು ಕೇಳಿದ, "ಬುದ್ಧೀ, ಅಪ್ಪಣೆಯಂಗೆ ಕಡೀತೀನಿ. ಸೂತಕ ಯಾರ ಮನೆಗೆ?"

"ಕಡಿಯುವವನು ನೀನು. ನಿನ್ನ ಮನೆಗೇ" ಅಂದ ಅರಸ.

"ನೀವು ಬ್ಯಾಡ ಅಂದ್ರೆ ನಾನು ಕಡಿಯಲ್ಲವಲ್ಲ ಬುದ್ಧೀ."

ಅರಸ ಮಂತ್ರಿಯ ಮುಖ ನೋಡಿದ. ಮಂತ್ರಿ ಗಾಬರಿಯಾಗಿ, "ಪ್ರಭೂ, ಕೊಲ್ಲೋದು ನೀವೂ ಅಲ್ಲ, ನಾನೂ ಅಲ್ಲ, ಕಾಯಿದೆ" ಅಂದ.

"ಬೋಳಿಸ್ಕೊಳ್ಳಾಕೆ ಕಾಯಿದೆಗೆ ತಲೆ ಎಲ್ಲೈತೆ ಸ್ವಾಮಿ?" ಅಂದನಂತೆ ಕರಿಸಿದ್ದ.

ಜನ ಗೊಳ್ಳೆಂದರು. ಅರಸನಿಗೆ ಹಟ ಹತ್ತಿತು. ಅವನ ಮದುವೆಗೆ ಚಪ್ಪರ ಬೇರೆ ಎದ್ದಿತ್ತು. ಆದರೂ, "ಮದುವೆ ಮುಂದಕ್ಕೆ ಹೋದರೆ ಹೋಗಲಿ, ನಾನೇ ಸೂತಕ ಹಿಡೀತೀನಿ. ಕಡಿ!" ಅಂದ.

ಕರಿಸಿದ್ದ ಮತ್ತೆ ಕೈಮುಗಿದ. ಇನ್ನು ಉಳಿದದ್ದು ಒಂದೇ ಮಾತು. "ಆಯ್ತು ಬುದ್ಧೀ. ಆದ್ರೆ ಅಳುವಾಗ ಸತ್ತೋನ ಗುಣ ಹೇಳ್ಕೊಂಡು ಅಳಬೇಕಲ್ಲ? ಇವನ ಸಂಗತಿ ತಿಳಿದೋನು ಇವನೊಬ್ಬನೇ. ತಲೆ ಹೋದ ಮ್ಯಾಕೆ ಯಾರನ್ನ ಕೇಳ್ತೀರಿ? ಈಗಲೇ ಕೇಳಿ ಇಟ್ಕೊಳ್ಳಿ."

ಅದೂ ಸರಿಯೇ ಅನ್ನಿಸಿತು ಅರಸನಿಗೆ. ಕೆಳಗಿಳಿದು ಬಂದು, "ನಿನ್ನ ತಾಯಿ ಹೆಸರೇನಯ್ಯ?" ಅಂದ.

"ಗೌರವ್ವ, ಬುದ್ಧೀ."

"ಏನು ಇಷ್ಟ ನಿನಗೆ?"

"ಹುರುಳಿಕಾಳು ಬಸ್ಸಾರು. ರಾತ್ರೀದು ಬೆಳಗ್ಗೆ ಕಾಯಿಸಿದ್ರೆ ಇನ್ನೂ ರುಚಿ."

ಅರಸನ ಬಾಯಲ್ಲೂ ನೀರೂರಿತು. ಅವನಿಗೂ ಅದೇ ಇಷ್ಟವಂತೆ! ಅದನ್ನ ನುಂಗಿಕೊಂಡು, "ಗೊಂಬೆಗೆ ಆ ಕಿವಿ ಯಾಕಿಟ್ಟೆ?" ಅಂದ.

ಮುದ್ದಯ್ಯ ತಲೆ ಎತ್ತಿದ. "ನಿಮ್ಮಪ್ಪಾಜಿಗೂ ಇವೇ ಕಿವಿ ಬುದ್ಧೀ. ಊರ ಕಷ್ಟವೆಲ್ಲ ಕೇಳೋ ಕಿವಿ ಅಂತ ನಮ್ಮವ್ವ ತೋರಿಸೋಳು. ಮಗನಿಗೂ ಬಂದವಲ್ಲ ಅಂತ ಖುಷಿಯಾಗಿ ಇಟ್ಟೆ."

ಅರಸನಿಗೆ ಅಪ್ಪ ನೆನಪಾದ. ಕೈ ತಾನಾಗಿ ಕಿವಿಗೆ ಹೋಯಿತು. ಊರೆದುರಿಗೇ ಬಿಕ್ಕಿ ಬಿಕ್ಕಿ ಅತ್ತ. "ಬದುಕಿರುವಾಗಲೇ ಇಷ್ಟು ಅಳು ಬರ್ತದಲ್ಲ ಸಿದ್ದಣ್ಣ! ಇವನನ್ನ ಕೊಂದು ನಾನು ಹೆಂಗೆ ಇರಲಿ? ನನ್ನ ಕೈಲಾಗಲ್ಲ" ಅಂದುಬಿಟ್ಟ.

ನಿನ್ನೆ ತಾನು ಆಡಿದ ಮಾತೇ ಅರಸನ ಬಾಯಲ್ಲಿ ಬಂದದ್ದು ಕೇಳಿ ಕರಿಸಿದ್ದ ಕತ್ತಿ ಎಸೆದು ಕುಣಿದ. ಅರಸನೇ ಮುದ್ದಯ್ಯನ ಕಟ್ಟು ಬಿಚ್ಚಿದನಂತೆ.

ಅದೇ ಚಪ್ಪರದಲ್ಲಿ ಮದುವೆ ಆಯಿತು. ಮುದ್ದಯ್ಯ ಮದುವೆಗೆ ಬಣ್ಣದ ಮಡಕೆ ತಂದ, ಜೊತೆಗೆ ಇನ್ನೂ ದೊಡ್ಡ ಕಿವಿಯ ಗೊಂಬೆ. ಹಾಡು ಮಾತ್ರ ಹೇಳಬೇಡಪ್ಪ ಅಂತ ಎಲ್ಲರೂ ಬೇಡಿಕೊಂಡರು. ಕೊಲ್ಲಿ ಅಂದವನೇ ಮೊದಲು ಸಾಯೋನ ಕಥೆ ಕೂತು ಕೇಳಿ, ಅತ್ತು, ಸೂತಕ ಹಿಡೀಬೇಕು ಅಂತ ಅರಸ ಡಂಗುರ ಸಾರಿಸಿದ. ಆಮೇಲೆ ಆ ಊರಲ್ಲಿ ಯಾರೂ ಆ ಅಪ್ಪಣೆ ಕೊಡಲಿಲ್ಲ. ಕತ್ತಿ ನಿಂಗಾಜಿಯ ಅಡುಗೆಮನೆಗೇ ವಾಪಸ್ಸು ಬಂತು.

ಅವರು ಅಲ್ಲಿ ಹಲಸಿನ ತೊಳೆ ತಿಂದರು, ನಾವು ಇಲ್ಲಿ ಬೀಜ ಸುಟ್ಟ ವಾಸನೆ ಕುಡಿದು ಹೊಟ್ಟೆ ತುಂಬಿಸಿಕೊಂಡೆವು.