ಬಾನೆಟ್ ಮೇಲಿನ ಅಂಕಿ

ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿನಲ್ಲಿ ಜಗಳವಾಯಿತು. ಪ್ರದರ್ಶನಕ್ಕೆ ಒಂದೇ ಕಾರು ಹೋಗಬೇಕಿತ್ತು. ಪ್ರತಿ ವರ್ಷ ಹೋಗುತ್ತಿದ್ದದ್ದು ಐವತ್ತೈದು ವರ್ಷದ ಕೆಂಪು ಕಾರು. ಈ ಸಲ ಪಕ್ಕದಲ್ಲಿ ಹೊಸ ಕಾರೊಂದು ಬಂದು ನಿಂತು ಗುಡುಗಿತು. ಆ ಗುಡುಗು ಸ್ಪೀಕರಿನಿಂದ ಬರುತ್ತಿದೆಯೆಂದು ತಿಳಿದದ್ದೇ ಕೆಂಪು ಕಾರಿಗೆ ಮೈಯೆಲ್ಲ ಉರಿಯಿತು.

"ನಾಚಿಕೆಯಾಗಲ್ವೇನೋ? ಎಂಜಿನ್ ಸದ್ದನ್ನೂ ಸ್ಪೀಕರಿನಲ್ಲಿ ಹಾಕ್ಕೊಂಡು ಮೆರೀತೀಯ! ಸುಳ್ಳು ಹೇಳೋರು ಪ್ರದರ್ಶನಕ್ಕೆ ಹೋಗಕೂಡದು."

"ಸದ್ದು ಸ್ಪೀಕರಿನದೇ ಅಜ್ಜ, ಒಪ್ಪಿದೆ. ನಿಮ್ಮ ಶಕ್ತಿ ಎಷ್ಟು?"

"ಮುನ್ನೂರ ತೊಂಬತ್ತು ಅಶ್ವಶಕ್ತಿ. ಬಾನೆಟ್ ಮೇಲೇ ಬರೆದಿದೆ, ಕಣ್ಣಿದ್ರೆ ಓದ್ಕೋ!"

ಮೂಲೆಯಲ್ಲಿದ್ದ, ಚಕ್ರದ ಶಕ್ತಿ ಅಳೆಯುವ ರೋಲರ್ ಯಂತ್ರ ಬಾಯಿ ಹಾಕಿತು. "ಯಜಮಾನರೇ, ನಿಮ್ಮ ಕಾಲದಲ್ಲಿ ಎಂಜಿನ್ ಒಂದನ್ನೇ ಹೊರಗಿಟ್ಟು, ಫ್ಯಾನು, ಸೈಲೆನ್ಸರು ಬಿಚ್ಚಿ ಅಳೆಯುತ್ತಿದ್ದರಲ್ಲವೇ? ಅದರಲ್ಲಿ ಚಕ್ರಕ್ಕೆ ತಲುಪುವುದೆಷ್ಟು?"

"ನನ್ನನ್ನೇ ಅನುಮಾನಿಸ್ತೀಯಾ? ಅಳೆ, ಈಗಲೇ ಅಳೆ!"

ಕೆಂಪು ಕಾರು ಅದೇ ಸಿಟ್ಟಿನಲ್ಲಿ ರೋಲರ್ ಏರಿತು. ಛಾವಣಿಯ ತಗಡು ನಡುಗುವಂತೆ ಅಬ್ಬರಿಸಿತು. ಸದ್ದಂತೂ ಅಪ್ಪಟ ಅದರದೇ. ಅಬ್ಬರ ನಿಂತ ಮೇಲೆ ಯಂತ್ರ ಬಂದ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದಿತು: ಇನ್ನೂರ ಹನ್ನೊಂದು.