ಸುತ್ತಿಗೆಗೆ ಬಿದ್ದ ಹಾರ

ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯಿದ್ದ ಬುಧವಾರ ನಾನು ಮೊದಲ ಸಲ ಮನೆ ಬಿಟ್ಟೆ. ಹಾಗೇ ಅಲೆಯುತ್ತ ಒಮ್ಮೆ ಹಿರಿಯೂರಿನ ಮುದ್ದುರಂಗಪ್ಪನವರ ಮನೆಯಲ್ಲಿ ಕೆಲಸಕ್ಕಿದ್ದೆ. ಆಯುಧಪೂಜೆಯ ಹಿಂದಿನ ದಿನ ಅವರ ಕಾರಿನ ಹಿಂದಿನ ಬ್ರೇಕ್ ಡಿಸ್ಕ್ ತುಕ್ಕು ಹಿಡಿದು ಚಕ್ರದ ಅಚ್ಚಿಗೆ ಕಚ್ಚಿಕೊಂಡಿತ್ತು.

"ಇದನ್ನು ಬಿಡಿಸಿದ ಆಯುಧಕ್ಕೇ ನಾಳೆ ಪೂಜೆಯಲ್ಲಿ ಮೊದಲ ಹಾರ," ಎಂದರು ಯಜಮಾನರು.

ಸುತ್ತಿಗೆ ಮಧ್ಯಾಹ್ನದವರೆಗೆ ಬಡಿಯಿತು. ಡಿಸ್ಕ್ ನಕ್ಕಿತು: "ಸದ್ದು ಚೆನ್ನಾಗಿದೆ ಕಣಯ್ಯಾ, ಇನ್ನೊಮ್ಮೆ ಬಾರಿಸು."

ಪೆಟ್ಟಿಗೆಯ ಮೂಲೆಯಲ್ಲಿದ್ದ ಸಣ್ಣ ಬೋಲ್ಟ್ ಹೇಳಿತು: "ಅಣ್ಣಾ, ಡಿಸ್ಕಿನಲ್ಲೇ ನನಗೊಂದು ತೂತಿದೆ. ಅಲ್ಲಿ ನನ್ನನ್ನು ತಿರುಗಿಸಿದರೆ ಹಿಂದಿರುವ ಅಚ್ಚನ್ನು ಒದ್ದು ಡಿಸ್ಕನ್ನು ಈಚೆ ತರುತ್ತೇನೆ."

"ಚೋಟುದ್ದ ಇದ್ದೀಯ, ಬಾಯಿ ನೋಡು!" ಎಂದಿತು ಸುತ್ತಿಗೆ.

ನಾನು ಬೋಲ್ಟನ್ನು ಹಾಕಿ ತಿರುಗಿಸಿದೆ. ಡಿಸ್ಕ್ ಕಳಚಿ ಬಿತ್ತು.

ಮರುದಿನ ಹಾರ ಸುತ್ತಿಗೆಗೇ ಬಿತ್ತು. "ಬೀದಿಗೆಲ್ಲ ಕೇಳುವಂತೆ ದುಡಿದದ್ದು ಅದೇ ತಾನೇ?" ಎಂದರು ಯಜಮಾನರು.

ತುದಿ ಸವೆದ ಬೋಲ್ಟನ್ನು ಜೇಬಿಗೆ ಹಾಕಿಕೊಂಡು, ನಾನು ಚೀಲಕ್ಕೆ ಬಟ್ಟೆ ತುರುಕತೊಡಗಿದೆ.