ಎಲೆ ಇಲ್ಲದ ದೊರೆ

ಹಡಗಿನಿಂದ ಇಳಿದದ್ದೇ ತಡ, ಬರ್ನೊ ದೊರೆ ಎದೆಯುಬ್ಬಿಸಿ ಗುಡುಗಿದ: "ಈ ಸಮುದ್ರದಲ್ಲಿ ನನ್ನ ಬಾವುಟ ಹಾರದ ಒಂದು ಕಲ್ಲಿದ್ದರೆ ತೋರಿಸಿ!"

ಮೊತುಲೋವಾ ಎಂದರೆ ಪೆಸಿಫಿಕ್ ಸಾಗರದ ನಟ್ಟನಡುವಿನ ಪುಟ್ಟ ಹವಳದ ದ್ವೀಪ. ತಾವು ಬರ್ನೊ ವಂಶದ ಪ್ರಜೆಗಳು ಅಂತ ಅಲ್ಲಿನವರಿಗೆ ಗೊತ್ತಾದದ್ದೇ ಈತನ ಅಜ್ಜನ ಹಡಗಿನವರು ಬಂದು ಹೇಳಿದ ಮೇಲೆ.

"ನಿಮ್ಮ ಕೆಸುವಿನ ಗುಂಡಿಗಳನ್ನು ಮುಚ್ಚಿಬಿಡಿ. ಅಲ್ಲಿ ನನ್ನ ಫಿರಂಗಿ ನಿಲ್ಲಬೇಕು. ನಮ್ಮ ಸಭೆ ತೀರ್ಮಾನಿಸಿಯಾಗಿದೆ," ಎಂದ ದೊರೆ.

ಮುಖಂಡ ತವಿತಾನ ಮುಖ ಕಪ್ಪಿಟ್ಟಿತು. ಸಿಹಿನೀರು ಒಸರುವುದು, ಊರಿನ ಕೆಸು ಬೆಳೆಯುವುದು ಆ ಗುಂಡಿಗಳಲ್ಲಿ ಮಾತ್ರ. ಅವು ಹೋದರೆ ಊರಿಗೆ ಊರೇ ಉಪವಾಸ.

"ಆ ಸಭೆಯಲ್ಲಿ ನಮ್ಮವರೂ ಒಬ್ಬರು ಕೂತಿದ್ದರೆ..." ಎಂದ ಮೆಲ್ಲಗೆ.

"ನೀವು ನಮ್ಮವರೇ ಕಣಯ್ಯಾ, ಸಂಶಯವೇ ಇಲ್ಲ. ಸಭೆಯಲ್ಲಿ ಜಾಗ ಮಾತ್ರ ಇಲ್ಲ. ಇಷ್ಟು ದೂರದವರ ಮಾತು ಯಾರಿಗೆ ಕೇಳಿಸುತ್ತೆ?"

ತವಿತಾನಿಗೆ ಬುದ್ಧಿ ಹೇಳುವ ಲೋಸಾ ಮುದುಕಿಗೆ ಮೈಯೆಲ್ಲ ಉರಿದುಹೋಯಿತು. ಎಂಥ ಭಂಡ ಇವನು! ಆದರೂ ಹಲ್ಲು ಕಿರಿದಳು.

"ಊಟ ಮಾಡಿಕೊಂಡು ಹೋಗಿ ಪ್ರಭೂ. ನಮ್ಮಲ್ಲಿ ಎಲೆ ಹಾಕಿದ ಕಡೆಯೇ ಸಭೆ. ಎಲೆ ಮುಂದೆ ಕೂತವರದೇ ಮಾತು. ಅಂದಹಾಗೆ, ಅಗೋ ಅಲ್ಲಿ, ನೀರಿನ ನಡುವಿನ ಆ ಬಂಡೆಯ ಮೇಲೆ ತಮ್ಮ ಬಾವುಟ ಇನ್ನೂ ಹಾರಿಲ್ಲ!"

ದೊರೆ ಬಾವುಟ ಹಿಡಿದು ಓಡಿದ. ಆ ಬಂಡೆ ಉಬ್ಬರದ ಹೊತ್ತಿಗೆ ಮುಳುಗುತ್ತದೆಂದು ದ್ವೀಪದ ಕೂಸಿಗೂ ಗೊತ್ತು. ಅವನಿಗೆ ಹೇಗೆ ಗೊತ್ತಿರಬೇಕು? ಊರವರ ದೋಣಿ ಅವನನ್ನು ಅಲ್ಲಿಳಿಸಿ ವಾಪಸು ಬಂತು.

ಇತ್ತ ಸಭಾಮನೆಯಲ್ಲಿ ಎಲೆ ಬಿತ್ತು. ತೆಂಗಿನ ಹಾಲಲ್ಲಿ ಬೆಂದ ಕೆಸು, ಸುಟ್ಟ ಹಂದಿ. ದೊರೆಯ ಸಿಪಾಯಿಗಳೂ ಸಾಲಾಗಿ ಕೂತರು.

"ನನ್ನ ಎಲೆ ಎಲ್ಲಿ?" ದೊರೆ ಬಂಡೆಯಿಂದ ಕೂಗಿದ.

ಲೋಸಾ ದಡಕ್ಕೆ ಬಂದಳು. "ಊಟವೆಲ್ಲ ತಮ್ಮದೇ ಪ್ರಭೂ, ಸಂಶಯವೇ ಇಲ್ಲ. ಎಲೆ ಮಾತ್ರ ಇಲ್ಲ!"

ನೀರು ಮೊಣಕಾಲಿಗೆ ಬಂತು. "ದೋಣಿ ಕಳಿಸ್ರೋ!"

"ಕಳಿಸಬೇಕೋ ಬೇಡವೋ ಅಂತ ಸಭೆ ಕೂತಿದೆ. ಊಟ ಮುಗಿಯಲಿ ಅಂತಿದ್ದಾರೆ, ತಮ್ಮ ಸಿಪಾಯಿಗಳೇ!"

ನೀರು ಸೊಂಟಕ್ಕೇರಿತು. ಬಾವುಟ ಒದ್ದೆಯಾಗಿ ದೊರೆಯ ಮುಖಕ್ಕೇ ಅಂಟಿಕೊಂಡಿತು. "ಗುಂಡಿ ಮುಟ್ಟಲ್ಲ! ಸಭೆಯಲ್ಲಿ ಜಾಗ ಕೊಡ್ತೀನಿ!"

"ಏನಂದಿರಿ?" ಲೋಸಾ ಕಿವಿಗೆ ಕೈ ಹಿಡಿದಳು. ಅವನು ಮತ್ತೆ ಮತ್ತೆ ಕೂಗಿದ. ಸಿಪಾಯಿಗಳೆಲ್ಲ ಎಲೆ ಬಿಟ್ಟೆದ್ದು ಬಂದು ಕೇಳಿಸಿಕೊಂಡರು. ಇನ್ನು ಮಾತು ತಪ್ಪುವ ಹಾಗಿರಲಿಲ್ಲ. ಆಮೇಲೆ ದೋಣಿ ಹೋಯಿತು.

ದಡಕ್ಕೆ ಬಂದವನು ನೀರು ಸುರಿಸುತ್ತ ಹಲ್ಲು ಕಡಿದ. "ಮುದುಕೀ, ಮೊದಲ ಸಲವೇ ನಿನಗೆ ಕೇಳಿಸಲಿಲ್ಲವಾ?"

"ಕೇಳಿಸಿತ್ತು ಪ್ರಭೂ," ಎಂದಳು ಲೋಸಾ, ಎಲೆಯ ಮುಂದೆ ಕೂರುತ್ತಾ. "ದೂರದವರ ಮಾತು ಯಾವಾಗಲೂ ಕೇಳಿಸುತ್ತೆ. ಉಣ್ಣುತ್ತಾ ಕೂತವರು ಕಿವಿ ಕೊಡಬೇಕು, ಅಷ್ಟೇ."